ಕೈ ಕಟ್ಟಿ ಕೂರುವುದನ್ನು ಕಲಿತ ಕತೆ

ಅಲ್ಯೂಮಿನಿಯಂ ಕಡ್ಡಿ ಎರಡು. ಒಂದೊಂದೂ ಸುಮಾರು 53 ಸೆಂಟಿಮೀಟರ್. ನಡುವೆ 120 ಡಿಗ್ರಿ ಕೋನ ಬರುವ ಹಾಗೆ ಪ್ಲಾಸ್ಟಿಕ್ ಪೈಪಿಗೆ ಟೇಪ್ ಸುತ್ತಿ ಕಟ್ಟಿದ್ದೆ. ಕೇಬಲ್ಲಿನ ಇನ್ನೊಂದು ತುದಿ ಅಗ್ಗದ ಯುಎಸ್‌ಬಿ ರಿಸೀವರ್‌ಗೆ, ಅದು ನನ್ನ ಹಳೇ ಲ್ಯಾಪ್‌ಟಾಪಿಗೆ. ಹಾಸ್ಟೆಲ್ ತಾರಸಿ ಮೇಲೆ ಕೂತು ಕಾಯುತ್ತಿದ್ದೆ. ನೋವಾ-19 ಎಂಬ ಹವಾಮಾನ ಉಪಗ್ರಹ ತಲೆಯ ಮೇಲೆ ಹಾದುಹೋಗಬೇಕಿತ್ತು. 137.1 ಮೆಗಾಹರ್ಟ್ಸ್‌ನಲ್ಲಿ ಕಿವಿ ಕೊಟ್ಟರೆ ಸಾಕು ಎಂದು ಎಲ್ಲೋ ಓದಿದ್ದೆ.

ಮೊದಲು ಬರೀ ಮಳೆ ಸುರಿದ ಹಾಗೆ ಸದ್ದು. ಆಮೇಲೆ ಅದರ ಅಡಿಯಿಂದ ಮೆಲ್ಲಗೆ ಟಿಕ್, ಟಾಕ್, ಟಿಕ್, ಟಾಕ್. ಸೆಕೆಂಡಿಗೆ ಎರಡು. ಒಂದೊಂದು ಬಡಿತಕ್ಕೂ ಪರದೆ ಮೇಲೆ ಚಿತ್ರದ ಒಂದು ಗೆರೆ. ಐದು ನಿಮಿಷದಲ್ಲಿ ಮೋಡದ ಹಿಂಡು ಕಂಡಿತು, ಅದರ ಪಕ್ಕ ಕಡಲ ಅಂಚು. ಚಿತ್ರ ಓರೆಯಾಗಿತ್ತು, ಮಧ್ಯೆ ಮಧ್ಯೆ ಗೀರು ಬಿದ್ದಿತ್ತು. ಆದರೆ ನಾನು ಬೆರಗಾದದ್ದು ಚಿತ್ರ ನೋಡಿ ಅಲ್ಲ. ಸಿಗ್ನಲ್ ಯಾವ ನಿಮಿಷಕ್ಕೆ ಬರುತ್ತೆ ಎಂದು ಸಾಫ್ಟ್‌ವೇರ್ ಹೇಳಿತ್ತೋ ಅದೇ ನಿಮಿಷಕ್ಕೆ ಬಂತು. ಹೋಗುತ್ತೆ ಎಂದ ನಿಮಿಷಕ್ಕೆ ಹೋಯಿತು. ಸುಮಾರು 850 ಕಿಲೋಮೀಟರ್ ಮೇಲೆ, ಸೆಕೆಂಡಿಗೆ ಏಳು ಕಿಲೋಮೀಟರ್‌ಗಿಂತ ಜೋರಾಗಿ ಓಡುತ್ತಿರುವ ಒಂದು ಪೆಟ್ಟಿಗೆ. ಅದರ ಬ್ಯಾಟರಿ, ಬಿಸಿ, ದಿಕ್ಕು ಎಲ್ಲವನ್ನೂ ಯಾರೋ ದಿನಾ ನೋಡಿಕೊಳ್ಳುತ್ತಿದ್ದಾರೆ, ಅದೇ ಅವರ ಕೆಲಸ ಎಂಬುದು ಆ ಸಂಜೆ ಮೊದಲ ಸಲ ತಲೆಗೆ ಹೋಯಿತು. 2025ರಲ್ಲಿ ಆ ಉಪಗ್ರಹವನ್ನು ನಿಲ್ಲಿಸಿಬಿಟ್ಟರು. ಸುದ್ದಿ ಓದಿದಾಗ ಹಳೇ ಮೇಷ್ಟ್ರು ರಿಟೈರ್ ಆದ ಹಾಗೆ ಅನಿಸಿತು.

ಕಾಲೇಜಿನಲ್ಲಿ ಒಂದು ಪುಟ್ಟ ಉಪಗ್ರಹದ ತಂಡ ಇತ್ತು. ಹತ್ತು ಸೆಂಟಿಮೀಟರ್ ಘನದ ಕ್ಯೂಬ್‌ಸ್ಯಾಟ್. ಎಲ್ಲರ ಹಾಗೆ ನನಗೂ ಡಿಸೈನ್ ಬೇಕಿತ್ತು. ಅಲ್ಲಿ ಜಾಗ ಇರಲಿಲ್ಲ. ಯಾರಿಗೂ ಬೇಡವಾಗಿದ್ದ ಗ್ರೌಂಡ್ ಸ್ಟೇಷನ್, ಅಂದರೆ ನೆಲದಿಂದ ಉಪಗ್ರಹದ ಜತೆ ರೇಡಿಯೋದಲ್ಲಿ ಮಾತಾಡುವ ಜಾಗ, ನನ್ನ ತಲೆಗೆ ಬಂತು. ಸ್ವಲ್ಪ ಮುನಿಸಿಕೊಂಡೇ ಒಪ್ಪಿಕೊಂಡೆ. ಉಪಗ್ರಹ ನಮ್ಮ ಕಡೆ ಬರುವಾಗ ಫ್ರೀಕ್ವೆನ್ಸಿ ಏರುತ್ತೆ, ದೂರ ಹೋಗುವಾಗ ಇಳಿಯುತ್ತೆ ಎಂಬ ಡಾಪ್ಲರ್ ಪಾಠವನ್ನು ಪುಸ್ತಕದಲ್ಲಿ ಓದಿ ಮಾರ್ಕ್ಸ್ ತೆಗೆದಿದ್ದೆ. ರೇಡಿಯೋದ ಗುಂಡಿ ತಿರುಗಿಸುತ್ತಾ ಸಿಗ್ನಲ್ಲನ್ನು ಬೆನ್ನಟ್ಟಿದಾಗಲೇ ಅದು ಅರ್ಥವಾದದ್ದು. ನಮ್ಮ ಉಪಗ್ರಹ ಕೊನೆಗೂ ಮೇಲೆ ಹೋಗಲಿಲ್ಲ. ತಂಡದವರು ಒಬ್ಬೊಬ್ಬರಾಗಿ ಪಾಸಾಗಿ ಹೋದರು, ಡಬ್ಬಿ ಕಪಾಟಿನಲ್ಲಿ ಉಳಿಯಿತು. ಆದರೆ ಆ ಎರಡು ವರ್ಷ ಬೇರೆಯವರ ಉಪಗ್ರಹಗಳನ್ನು ಕೇಳಿ ಕೇಳಿ ನನ್ನ ಕಿವಿ ಪಳಗಿತ್ತು.

ಉಪಗ್ರಹಗಳನ್ನು ನೋಡಿಕೊಳ್ಳುವ ಕಂಟ್ರೋಲ್ ರೂಮಿನ ಕೆಲಸಕ್ಕೆ ಅರ್ಜಿ ಹಾಕಿದೆ. ಇಂಟರ್‌ವ್ಯೂನಲ್ಲಿ ಕೇಳಿದ ಒಂದು ಪ್ರಶ್ನೆ ಇನ್ನೂ ನೆನಪಿದೆ. "ನೀವು ಕನ್ಸೋಲ್ ಮುಂದೆ ಕೂತಿದ್ದೀರಿ. ಬ್ಯಾಟರಿ ವೋಲ್ಟೇಜ್ ಇಳೀತಾ ಇದೆ. ಏನ್ಮಾಡ್ತೀರಿ?"

ನಾನು ಒಂದೇ ಉಸಿರಿಗೆ ಶುರು ಮಾಡಿದೆ. ಪೇಲೋಡ್ (ಕ್ಯಾಮೆರಾದಂಥ ಮುಖ್ಯ ಸಾಧನ) ಆಫ್ ಮಾಡ್ತೀನಿ, ಹೀಟರ್ ಆಫ್ ಮಾಡ್ತೀನಿ, ಟ್ರಾನ್ಸ್‌ಮಿಟರ್ ಪವರ್ ಇಳಿಸ್ತೀನಿ, ಸೋಲಾರ್ ಪ್ಯಾನೆಲ್ ಸೂರ್ಯನ ಕಡೆ ತಿರುಗಿಸ್ತೀನಿ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಉಪಗ್ರಹ ನೆರಳಲ್ಲಿ ಇದೆಯಾ ಅಂತ ಮೊದಲು ನೋಡಲ್ವಾ?" ಎಂದರು.

ಮುಖ ಸಣ್ಣಗಾಯಿತು. ಭೂಮಿಗೆ ಹತ್ತಿರದ ಉಪಗ್ರಹ ಒಂದು ಸುತ್ತು ಹಾಕಲು ಸುಮಾರು 95 ನಿಮಿಷ ಹಿಡಿಯುತ್ತೆ. ಅದರಲ್ಲಿ 35 ನಿಮಿಷದ ಆಸುಪಾಸು ಭೂಮಿಯ ನೆರಳಿನಲ್ಲೇ ಕಳೆಯುತ್ತೆ. ಆಗ ಬ್ಯಾಟರಿ ಇಳಿಯಲೇಬೇಕು. ದಿನಕ್ಕೆ ಹದಿನೈದು ಸಲ ಇಳಿಯುತ್ತೆ, ಹದಿನೈದು ಸಲ ತುಂಬುತ್ತೆ. ಸರಿಯಾಗಿ ಕೆಲಸ ಮಾಡುತ್ತಿದ್ದ ಉಪಗ್ರಹವನ್ನು ನಾನು ನಾಲ್ಕು ಕಮಾಂಡ್ ಕಳಿಸಿ ಕೆಡಿಸಿಬಿಟ್ಟಿದ್ದೆ. "ಅದು ನನಗೆ ಹೊಳೆಯಲೇ ಇಲ್ಲ" ಎಂದು ಒಪ್ಪಿಕೊಂಡೆ. ಯಾಕೆ ತೆಗೆದುಕೊಂಡರೋ ಗೊತ್ತಿಲ್ಲ, ಎರಡು ತಿಂಗಳ ಮೇಲೆ ಆರ್ಡರ್ ಬಂತು.

ಯಾವ ಬ್ರಾಂಚ್ ಓದಬೇಕು ಎಂದು ತುಂಬಾ ಜನ ಕೇಳುತ್ತಾರೆ. ನಮ್ಮ ಕಂಟ್ರೋಲ್ ರೂಮಿನಲ್ಲಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಏರೋಸ್ಪೇಸ್, ಕಂಪ್ಯೂಟರ್, ಬರೀ ಫಿಸಿಕ್ಸ್ ಓದಿದವರು, ಎಲ್ಲರೂ ಇದ್ದಾರೆ. ಕಕ್ಷೆಯ ಲೆಕ್ಕ, ಒಂದಿಷ್ಟು ಪೈಥಾನ್, ರೇಡಿಯೋದ ತಳಪಾಯ ಗೊತ್ತಿದ್ದರೆ ಮಿಕ್ಕಿದ್ದು ಕಲಿಸುತ್ತಾರೆ. ನನ್ನ ಕೇಳಿದರೆ, ಕೋಡ್ ಬರೆಯುವುದಕ್ಕಿಂತ ಒಂದು ವಾಕ್ಯವನ್ನು ಅನುಮಾನಕ್ಕೆ ಎಡೆ ಇಲ್ಲದ ಹಾಗೆ ಬರೆಯಲು ಬರುವುದು ಜಾಸ್ತಿ ಮುಖ್ಯ. ಆ ಪಾಠಕ್ಕೆ ನಾನು ಕೊಟ್ಟ ದಂಡದ ವಿಷಯ ಆಮೇಲೆ ಹೇಳುತ್ತೇನೆ.

ಮೊದಲ ಆರು ತಿಂಗಳು ಯಾವ ಬಟನ್ನನ್ನೂ ಮುಟ್ಟಲಿಲ್ಲ. ಬರೀ ಓದು. ವಿದ್ಯುತ್, ಉಷ್ಣ, ದಿಕ್ಕು ಹಿಡಿಯುವ ವ್ಯವಸ್ಥೆ, ಸಂಪರ್ಕ, ಒಳಗಿನ ಕಂಪ್ಯೂಟರ್, ಪೇಲೋಡ್. ನನಗೆ ಸಿಕ್ಕಿದ್ದು ವಿದ್ಯುತ್, ಅಂದರೆ ಪವರ್ ಡೆಸ್ಕ್. ಪ್ಯಾನೆಲ್ಲಿನಿಂದ ಹೊರಟ ಕರೆಂಟ್ ಎಲ್ಲೆಲ್ಲಿ ಹಾದು ಯಾವ ರಿಲೇ ದಾಟಿ ಯಾವ ಹೀಟರ್ ತಲುಪುತ್ತೆ ಎಂಬ ನಕ್ಷೆಯನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆಯಬೇಕಿತ್ತು. ವಾರಕ್ಕೊಮ್ಮೆ ಬರೆದೆ, ವಾರಕ್ಕೊಮ್ಮೆ ತಪ್ಪಿದೆ.

ಮಿಕ್ಕ ಹೊತ್ತು ಡ್ಯೂಟಿಯಲ್ಲಿದ್ದವರ ಹಿಂದೆ ಕುರ್ಚಿ ಹಾಕಿಕೊಂಡು ಕೂರುವುದು. ಇದು ಶುದ್ಧ ಬೋರು ಎಂದುಕೊಂಡಿದ್ದೆ. ಪರದೆ ತುಂಬಾ ನಂಬರ್. ಸರಿ ಇದ್ದರೆ ಹಸಿರು, ಗಡಿ ಹತ್ತಿರ ಬಂದರೆ ಹಳದಿ, ದಾಟಿದರೆ ಕೆಂಪು. ಎಲ್ಲ ಹಸಿರೇ. ನನಗೆ ಕಲಿಸುತ್ತಿದ್ದ ಹಿರಿಯರು ಮಾತ್ರ ಹಸಿರನ್ನೇ ನೋಡುತ್ತಿದ್ದರು. "ಈ ಬ್ಯಾಟರಿ ನೆರಳಿಂದ ಹೊರಗೆ ಬಂದಾಗ 14 ಡಿಗ್ರಿ ಇರುತ್ತೆ. ಇವತ್ತು 15 ಇದೆ. ಯಾಕೆ?" ಎಂದು ಕೇಳೋರು. ಹಸಿರಲ್ಲೇ ಇದೆಯಲ್ಲ ಎಂದರೆ, "ಹಸಿರು ಕಂಪ್ಯೂಟರ್‌ಗೆ. ನಿನಗಲ್ಲ" ಎನ್ನೋರು.

ಅವರೇ ನಾಸಾ ಕಂಟ್ರೋಲ್ ರೂಮಿನ ಜಾನ್ ಆರನ್ ಕತೆ ಹೇಳಿದ್ದು. 1969ರ ನವೆಂಬರ್ 14. ಅಪೊಲೊ-12 ಹೊತ್ತ ರಾಕೆಟ್ ಮೇಲೆದ್ದು 36 ಸೆಕೆಂಡಾಗಿತ್ತು, ಸಿಡಿಲು ಬಡಿಯಿತು. 52ನೇ ಸೆಕೆಂಡಿಗೆ ಇನ್ನೊಂದು. ಹೂಸ್ಟನ್ನಿನ ಪರದೆಗಳ ಮೇಲಿನ ನಂಬರೆಲ್ಲ ಅರ್ಥವಿಲ್ಲದ ಹಾಗಾದವು. ಆರನ್‌ಗೆ ಆಗ 26 ವರ್ಷ. ಸುಮಾರು ಒಂದು ವರ್ಷದ ಹಿಂದೆ ಯಾವುದೋ ಪರೀಕ್ಷೆ ನಡೆಯುತ್ತಿದ್ದಾಗ ಇಂಥದ್ದೇ ವಿಚಿತ್ರ ನಂಬರ್‌ಗಳನ್ನು ಅವರು ಕಂಡಿದ್ದರು. ಯಾಕೆ ಹೀಗಾಯಿತು ಎಂದು ಬೆನ್ನು ಹತ್ತಿ ಕೇಳಿ ತಿಳಿದುಕೊಂಡಿದ್ದರು. ಯಾರೂ ಅವರಿಗೆ ಹಾಗೆ ಮಾಡು ಎಂದಿರಲಿಲ್ಲ. "ಎಸ್‌ಸಿಇ ಟು ಆಕ್ಸ್" ಎಂದರು, ಅಂದರೆ ನಂಬರ್‌ಗಳ ಸಿಗ್ನಲ್ ಸಿದ್ಧಪಡಿಸುವ ಪೆಟ್ಟಿಗೆಯ ಸ್ವಿಚ್ಚನ್ನು ಬದಲಿ ಸ್ಥಾನಕ್ಕೆ ಹಾಕಿ ಎಂದು. ಆ ಸ್ವಿಚ್ ಯಾವುದು ಎಂದು ಇಡೀ ಕೊಠಡಿಯನ್ನು ನಡೆಸುವ ಫ್ಲೈಟ್ ಡೈರೆಕ್ಟರ್‌ಗೂ ಗೊತ್ತಿರಲಿಲ್ಲ. ನೌಕೆಯಲ್ಲಿದ್ದ ಅಲನ್ ಬೀನ್‌ಗೆ ಗೊತ್ತಿತ್ತು. ಒತ್ತಿದರು. ನಂಬರ್ ಮರಳಿದವು. ಅವರು ಚಂದ್ರನ ಮೇಲೂ ಇಳಿದರು. ಈ ಕತೆ ಹೇಳುವವರೆಲ್ಲ ಆ ಒಂದು ವಾಕ್ಯದ ಬಗ್ಗೆಯೇ ಹೇಳುತ್ತಾರೆ. ನನಗೆ ಹಿಡಿಸುವುದು ಅದಕ್ಕೆ ಒಂದು ವರ್ಷ ಮುಂಚಿನ ಆ ಕುತೂಹಲ.

ಕಿವಿಗೂ ತರಬೇತಿ ಇತ್ತು. ಹೆಡ್‌ಸೆಟ್ ಹಾಕಿಕೊಂಡರೆ ಮೂರ್ನಾಲ್ಕು ಮಾತುಕತೆ ಒಟ್ಟಿಗೇ ಬರುತ್ತವೆ. ಇದಕ್ಕೆ ಲೂಪ್ ಎನ್ನುತ್ತೇವೆ. ಒಂದರಲ್ಲಿ ಫ್ಲೈಟ್ ಡೈರೆಕ್ಟರ್, ಒಂದರಲ್ಲಿ ಆಂಟೆನಾ ಸ್ಟೇಷನ್ನಿನವರು, ಇನ್ನೊಂದರಲ್ಲಿ ನಿಮ್ಮ ಹಿಂದಿನ ರೂಮಿನ ತಜ್ಞರು. ಎಲ್ಲ ಕೇಳುತ್ತಿರಬೇಕು, ನಿಮ್ಮ ಹೆಸರು ಬಂದ ಕೂಡಲೇ ಅಲ್ಲಿಗೆ ನೆಗೆಯಬೇಕು. ಮಾತಿಗೂ ವ್ಯಾಕರಣ ಇದೆ. ಮೊದಲು ನಾವು ಯಾರನ್ನು ಕರೆಯುತ್ತೇವೋ ಅವರ ಹೆಸರು, ಆಮೇಲೆ ನಮ್ಮದು. "ಫ್ಲೈಟ್, ಪವರ್." "ಹೇಳಿ ಪವರ್." ಆಮೇಲೆ ಏನು ಕಾಣುತ್ತಿದೆ, ಅದರ ಅರ್ಥ ಏನು, ನಿಮಗೆ ಏನು ಬೇಕು, ಎಷ್ಟು ಹೊತ್ತಿನೊಳಗೆ ಬೇಕು. ಅಷ್ಟೇ. ನನ್ನ ಮೊದಲ ರೆಕಾರ್ಡಿಂಗ್ ಕೇಳಿಸಿದರು. "ಅದು... ಅಂದ್ರೆ... ಸ್ವಲ್ಪ ಕರೆಂಟ್ ಒಂಥರಾ..." ಎಂದು ಹನ್ನೊಂದು ಸೆಕೆಂಡ್ ತಡವರಿಸಿದ್ದೆ. ಹತ್ತು ನಿಮಿಷದ ಪಾಸ್‌ನಲ್ಲಿ ಹನ್ನೊಂದು ಸೆಕೆಂಡ್.

ಪಾಸ್ ಅಂದರೆ ಉಪಗ್ರಹ ಒಂದು ಆಂಟೆನಾಗೆ ಕಾಣುವ ಹೊತ್ತು. ಐನೂರು, ಆರುನೂರು ಕಿಲೋಮೀಟರ್ ಎತ್ತರದ್ದಾದರೆ ಒಂದು ಕಡೆ ಮೂಡಿ ಇನ್ನೊಂದು ಕಡೆ ಮುಳುಗಲು ಹತ್ತು ನಿಮಿಷ. ಒಂದೇ ಸ್ಟೇಷನ್ ಇದ್ದರೆ ದಿನಕ್ಕೆ ಇಂಥ ನಾಲ್ಕೈದು ಸಿಗುತ್ತವೆ. ಒಟ್ಟು ಒಂದು ಗಂಟೆಯೂ ಇಲ್ಲ. ಮಿಕ್ಕ 23 ಗಂಟೆ ಅದು ಒಬ್ಬಂಟಿ. ನಾವು ಮೊದಲೇ ಗಂಟೆ ನಿಮಿಷ ನಮೂದಿಸಿ ತುಂಬಿಸಿಟ್ಟ ಕಮಾಂಡ್‌ಗಳನ್ನು ಒಂದೊಂದಾಗಿ ನಡೆಸುತ್ತಾ ಹೋಗುತ್ತೆ. ಸಿನಿಮಾದಲ್ಲಿ ತೋರಿಸುವ ಹಾಗೆ ಜಾಯ್‌ಸ್ಟಿಕ್ ಹಿಡಿದು ಯಾರೂ ಓಡಿಸುವುದಿಲ್ಲ.

ದೂರ ಹೋದಷ್ಟೂ ಇದು ಇನ್ನೂ ಕಷ್ಟ. ಮಂಗಳಯಾನದ್ದೇ ನೋಡಿ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನ ಕಕ್ಷೆ ಸೇರಬೇಕಿತ್ತು. ದೊಡ್ಡ ಎಂಜಿನ್ ಸುಮಾರು 300 ದಿನ ಮಲಗಿಬಿಟ್ಟಿತ್ತು. ಏಳುತ್ತೋ ಇಲ್ಲವೋ ಎಂದು ಎರಡು ದಿನ ಮೊದಲು ನಾಲ್ಕು ಸೆಕೆಂಡ್ ಮಾತ್ರ ಉರಿಸಿ ನೋಡಿದರು. ಆ ದಿನ ಬೆಂಗಳೂರಿನ ಕೊಠಡಿಯಿಂದ ಹೊರಟ ಒಂದು ಸಂದೇಶ ಅಲ್ಲಿಗೆ ಮುಟ್ಟಲು 12 ನಿಮಿಷ ಬೇಕು. ನೌಕೆ ಮಂಗಳನ ಹಿಂದೆ ಮರೆಯಾಗುವುದೂ ಇತ್ತು. ಹಾಗಾಗಿ ಕಮಾಂಡೆಲ್ಲ ಮೊದಲೇ ಕಳಿಸಿಯಾಗಿತ್ತು. ಎಂಜಿನ್ 20 ನಿಮಿಷಕ್ಕೂ ಜಾಸ್ತಿ ಉರಿಯುವಾಗ ಕೊಠಡಿಯಲ್ಲಿದ್ದವರು ಮಾಡಬಹುದಾದ್ದು ಒಂದೇ, ಕಾಯುವುದು. ನಾನು ಆ ದೃಶ್ಯವನ್ನು ಟಿವಿಯಲ್ಲಿ ನೋಡಿದ್ದೆ. ಚಪ್ಪಾಳೆ ನೆನಪಿತ್ತು. ಈ ಕೆಲಸಕ್ಕೆ ಬಂದಮೇಲೆ ಮತ್ತೆ ನೋಡಿದೆ. ಈ ಸಲ ಚಪ್ಪಾಳೆಗೆ ಮುಂಚಿನ ಮುಖಗಳನ್ನು ನೋಡಿದೆ.

ಏಳನೇ ತಿಂಗಳಿನಿಂದ ಸಿಮ್ಯುಲೇಷನ್. ಅದೇ ರೂಮು, ಅದೇ ಪರದೆ, ಅದೇ ಹೆಡ್‌ಸೆಟ್. ಉಪಗ್ರಹ ಮಾತ್ರ ಸಾಫ್ಟ್‌ವೇರ್. ಪಕ್ಕದ ಕೋಣೆಯಲ್ಲಿ ಒಂದು ತಂಡ ಕೂತು ನಮ್ಮ ಮೇಲೆ ತೊಂದರೆಗಳನ್ನು ಎಸೆಯುತ್ತೆ. ಅವರಷ್ಟು ಕೆಟ್ಟ ಬುದ್ಧಿಯವರನ್ನು ನಾನು ಬೇರೆಲ್ಲೂ ನೋಡಿಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ನನ್ನನ್ನು ಕೆಡವಿದ ಸಿಮ್ ಇದು. ಉಡಾವಣೆ ಆಗಿದೆ, ಉಪಗ್ರಹ ರಾಕೆಟ್ಟಿನಿಂದ ಬಿಡಿಸಿಕೊಂಡಿದೆ. ಮಡಚಿದ್ದ ಸೋಲಾರ್ ಪ್ಯಾನೆಲ್ ಬಿಚ್ಚಿಕೊಳ್ಳಬೇಕು. ಮೊದಲ ಪಾಸ್ ಶುರುವಾಯಿತು. ಎಡ ಪ್ಯಾನೆಲ್, ತೆರೆದಿದೆ. ಬಲ ಪ್ಯಾನೆಲ್, ತೆರೆದಿಲ್ಲ. ಕೆಂಪು. ಎದೆ ಧಸಕ್ ಎಂದಿತು. ಕರೆಂಟ್ ನೋಡಿದೆ. ಸೊನ್ನೆ. ಸರಿ, ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನ ಮಾಡಿದೆ.

"ಫ್ಲೈಟ್, ಪವರ್. ಬಲ ಪ್ಯಾನೆಲ್ ತೆರೆದಿಲ್ಲ. ತುರ್ತು ವಿಧಾನ ಬೇಕು, ಈ ಪಾಸ್‌ನಲ್ಲೇ." ಈ ಸಲ ತಡವರಿಸಲಿಲ್ಲ. ತಪ್ಪನ್ನು ಬಹಳ ಚೆನ್ನಾಗಿ ಹೇಳಿದೆ.

ತುರ್ತು ವಿಧಾನ ಅಂದರೆ ಉಪಗ್ರಹವನ್ನೇ ಅತ್ತಿತ್ತ ತಿರುಗಿಸಿ, ಕೊಡವಿದ ಹಾಗೆ ಮಾಡಿ ಪ್ಯಾನೆಲ್ಲನ್ನು ಬಿಡಿಸುವುದು. ಕಮಾಂಡ್ ಹೋಯಿತು. ಉಪಗ್ರಹ ತಿರುಗಿತು. ಪಾಸ್ ಮುಗಿಯಿತು. ಮುಂದಿನ ಪಾಸ್‌ಗೆ ಸಿಗ್ನಲ್ ಬರಲೇ ಇಲ್ಲ.

ಎರಡೂ ಪ್ಯಾನೆಲ್ ತೆರೆದೇ ಇದ್ದವು. ಕೆಟ್ಟಿದ್ದು, ತೆರೆದಿದೆ ಎಂದು ಹೇಳಬೇಕಾದ ಒಂದು ಸಣ್ಣ ಸ್ವಿಚ್. ಕರೆಂಟ್ ಸೊನ್ನೆ ಇದ್ದದ್ದು ಯಾಕೆಂದರೆ ಉಪಗ್ರಹ ನೆರಳಿನಲ್ಲಿತ್ತು. ಎಡ ಪ್ಯಾನೆಲ್ಲಿನ ಕರೆಂಟೂ ಸೊನ್ನೆಯೇ ಇತ್ತು. ನಾನು ನೋಡಲಿಲ್ಲ. ಇನ್ನು ನಾಲ್ಕು ನಿಮಿಷ ಕಾದಿದ್ದರೆ, ಪಾಸ್ ಮುಗಿಯುವ ಮೊದಲೇ ಬಿಸಿಲು ಬೀಳುತ್ತಿತ್ತು, ಎರಡೂ ಕಡೆ ಕರೆಂಟ್ ಏರುತ್ತಿತ್ತು. ಅದರ ಬದಲು ನಾನು ಚೆನ್ನಾಗಿದ್ದ ಉಪಗ್ರಹವನ್ನು ಸೂರ್ಯನಿಂದ ಆಚೆ ತಿರುಗಿಸಿ ಬ್ಯಾಟರಿ ಬರಿದು ಮಾಡಿಸಿದ್ದೆ. ಮತ್ತೆ ಅದೇ ನೆರಳು! ಇಂಟರ್‌ವ್ಯೂನಲ್ಲಿ ಬಿದ್ದ ಹಳ್ಳಕ್ಕೇ ಒಂದು ವರ್ಷ ಓದಿ ಮತ್ತೆ ಬಿದ್ದೆ.

ಸಿಮ್ ಮುಗಿದ ಮೇಲೆ ಚರ್ಚೆ. ಅಲ್ಲಿ ಒಂದು ನಿಯಮ. ಪ್ರತಿಯೊಬ್ಬರೂ ತಮ್ಮ ತಪ್ಪನ್ನು ತಾವೇ ಮೊದಲು ಹೇಳಬೇಕು. ಬೇರೆಯವರು ಹೇಳುವ ತನಕ ಕಾಯುವ ಹಾಗಿಲ್ಲ. ನಾನು ಎದ್ದು ಹೇಳಿದೆ. ಯಾರೂ ಬೈಯಲಿಲ್ಲ. ಫ್ಲೈಟ್ ಡೈರೆಕ್ಟರ್ ತಮ್ಮದನ್ನೂ ಹೇಳಿದರು: "ಪವರ್‌ನ 'ಎಷ್ಟು ಸಮಯ ಇದೆ' ಅಂತ ಕೇಳಬೇಕಿತ್ತು. ಕೇಳಲಿಲ್ಲ." ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಸಾಫ್ಟ್‌ವೇರ್ ಉಪಗ್ರಹ ಸತ್ತದ್ದಕ್ಕೆ ಇಷ್ಟು ಸಂಕಟ ಆಗುತ್ತಾ ಎಂದು ನನಗೇ ನಗು ಬಂತು.

ಮರುದಿನ ಹಿರಿಯರು ಒಂದು ತನಿಖಾ ವರದಿ ಓದಲು ಕೊಟ್ಟರು. ಸೋಹೋ ಎಂಬ ಸೂರ್ಯನನ್ನು ನೋಡುವ ನೌಕೆಯದ್ದು. 1998ರ ಜೂನ್‌ನಲ್ಲಿ ಅದು ಕೈತಪ್ಪಿತು. ಅದರಲ್ಲಿ ಗೈರೊಗಳು, ಅಂದರೆ ತಿರುಗುವ ವೇಗ ಅಳೆಯುವ ಸಾಧನಗಳು ಇದ್ದವು. ಒಂದು ಗೈರೊ ಒಂದು ಲೆಕ್ಕ ಹೇಳುತ್ತಿತ್ತು, ಇನ್ನೊಂದು ಬೇರೆ ಲೆಕ್ಕ. ಅವಸರದಲ್ಲಿ ಎರಡನೆಯದೇ ಕೆಟ್ಟಿದೆ ಎಂದುಕೊಂಡು ಅದನ್ನು ಆಫ್ ಮಾಡಿದರು. ನಿಜವಾಗಿ ಸರಿ ಹೇಳುತ್ತಿದ್ದದ್ದು ಅದೇ. ಮೊದಲನೆಯದು ತಿರುಗದೆ ನಿಂತುಬಿಟ್ಟಿತ್ತು. ಅದರ ಮಾತು ನಂಬಿ ನೌಕೆ ಥ್ರಸ್ಟರ್, ಅಂದರೆ ದಿಕ್ಕು ತಿರುಗಿಸುವ ಪುಟ್ಟ ಎಂಜಿನ್, ಹಾರಿಸಿ ಹಾರಿಸಿ ಗಿರಗಿರನೆ ಸುತ್ತತೊಡಗಿತು. ಸೂರ್ಯ ತಪ್ಪಿತು, ವಿದ್ಯುತ್ ಹೋಯಿತು, ಇಂಧನ ಹೆಪ್ಪುಗಟ್ಟಿತು. ಮೊದಲನೆಯದು ಚಾಲೂ ಇದೆಯಾ ಎಂದು ಯಾರಾದರೂ ಒಮ್ಮೆ ನೋಡಿದ್ದರೆ ಸಾಕಿತ್ತು.

ಆಮೇಲಿನದ್ದು ಸೊಗಸಾದ ಕತೆ. ಜುಲೈನಲ್ಲಿ ಪೋರ್ಟೊ ರಿಕೊದ ಅರೆಸಿಬೊದ ದೈತ್ಯ ಆಂಟೆನಾದಿಂದ ರಾಡಾರ್ ಅಲೆ ಕಳಿಸಿ, ಅದರ ಪ್ರತಿಧ್ವನಿಯನ್ನು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ಹಿಡಿದರು. ನೌಕೆ ಎಲ್ಲಿರಬೇಕಿತ್ತೋ ಹೆಚ್ಚು ಕಡಿಮೆ ಅಲ್ಲೇ, ನಿಮಿಷಕ್ಕೆ ಒಂದು ಸುತ್ತು ಹಾಕುತ್ತಿತ್ತು. ಅದು ಸೂರ್ಯನ ಸುತ್ತ ಹೋದ ಹಾಗೆ ಪ್ಯಾನೆಲ್‌ಗೆ ನಿಧಾನವಾಗಿ ಬಿಸಿಲು ಬೀಳತೊಡಗುತ್ತೆ ಎಂಬ ಲೆಕ್ಕ ಇತ್ತು. ಆಗಸ್ಟ್ 3ರಂದು ಸಣ್ಣ ಸಿಗ್ನಲ್ ಸಿಕ್ಕಿತು. ಅಲ್ಲಿಂದ ಬ್ಯಾಟರಿ ತುಂಬಿಸಿ, ಹೆಪ್ಪುಗಟ್ಟಿದ ಇಂಧನವನ್ನು ಇಷ್ಟಿಷ್ಟೇ ಕರಗಿಸಿ, ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ ಸೂರ್ಯನ ಕಡೆ ತಿರುಗಿಸಿದರು. ಕಳೆದದ್ದು ಅವಸರದ ಒಂದು ತೀರ್ಮಾನದಿಂದ. ಹುಡುಕಿ ತಂದದ್ದು ಮೂರು ತಿಂಗಳ ತಾಳ್ಮೆಯಿಂದ. ನಾನು ಆ ವರದಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಸರ್ಟಿಫಿಕೇಷನ್ ದಿನ, ಅಂದರೆ ಡೆಸ್ಕನ್ನು ನನ್ನ ಕೈಗೆ ಕೊಡಬಹುದೇ ಎಂದು ಪರೀಕ್ಷಿಸುವ ದಿನ, ಐದು ಜನ ಎದುರಿಗೆ ಕೂತಿದ್ದರು. ಎರಡು ಗಂಟೆ ನಿಯಮ, ನಕ್ಷೆ, ಲೆಕ್ಕ. ಕೊನೆಯಲ್ಲಿ ಒಂದು ಟೆಲಿಮೆಟ್ರಿ ಪುಟವನ್ನು, ಅಂದರೆ ಉಪಗ್ರಹ ಕಳಿಸುವ ನಂಬರ್‌ಗಳ ಪುಟವನ್ನು ಮುಂದಿಟ್ಟು, "ಇದರಲ್ಲಿ ಏನು ತೊಂದರೆ ಇದೆ, ಹೇಳಿ" ಎಂದರು. ನೋಡಿದೆ. ಬಿಸಿಲೋ ನೆರಳೋ, ಮೊದಲು ಅದನ್ನೇ ನೋಡಿದೆ. ಬಿಸಿಲು. ಕರೆಂಟ್ ಸರಿ ಇದೆ. ವೋಲ್ಟೇಜ್ ಸರಿ. ಒಂದು ಬ್ಯಾಟರಿಗೂ ಇನ್ನೊಂದಕ್ಕೂ ಅರ್ಧ ಡಿಗ್ರಿ ವ್ಯತ್ಯಾಸ, ಅದು ಯಾವಾಗಲೂ ಇರುವಂಥದ್ದು. ಮತ್ತೆ ಮೇಲಿಂದ ಕೆಳಗೆ ಬಂದೆ. ಐದು ಜೋಡಿ ಕಣ್ಣು ನನ್ನ ಮೇಲೆ. ಬೆವರು ಕತ್ತಿನಿಂದ ಇಳಿಯುತ್ತಿತ್ತು. ಏನಾದರೂ ಒಂದು ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬಂದಿತ್ತು.

"ಏನೂ ತೊಂದರೆ ಇಲ್ಲ" ಎಂದೆ.

"ಖಾತ್ರಿನಾ?"

"ಈ ಪುಟದಲ್ಲಿ ಇರೋದರ ಮಟ್ಟಿಗೆ ಖಾತ್ರಿ."

ಪುಟವನ್ನು ತಿರುಗಿಸಿ ಫೈಲಿಗೆ ಸೇರಿಸಿದರು. ಸಂಜೆ ಹೆಸರಿನ ಮುಂದೆ ಸಹಿ ಬಿತ್ತು.

ಈಗ ಆ ದಂಡದ ವಿಷಯ. ಸಹಿ ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಶಿಫ್ಟ್ ಮುಗಿಸುವಾಗ ಲಾಗ್ ಪುಸ್ತಕದಲ್ಲಿ "6:40ರ ಪಾಸ್‌ಗೆ ಹೆಚ್ಚುವರಿ ಸ್ಟೇಷನ್ ಕೇಳಬೇಕು" ಎಂದು ಬರೆದೆ. ನಮ್ಮ ಗೋಡೆಯಲ್ಲಿ ಎರಡು ಗಡಿಯಾರ ಇವೆ. ಒಂದು ಊರಿನ ಸಮಯ, ಒಂದು ಜಗತ್ತಿಗೆಲ್ಲ ಒಂದೇ ಆದ ಸಮಯ, ಯು.ಟಿ.ಸಿ. ಕೆಲಸವೆಲ್ಲ ಯು.ಟಿ.ಸಿ.ಯಲ್ಲೇ. ದಣಿದಿದ್ದ ನಾನು ಊರಿನ ಗಡಿಯಾರ ನೋಡಿ ಬರೆದಿದ್ದೆ. ಮುಂದಿನ ಶಿಫ್ಟಿನ ಸಹೋದ್ಯೋಗಿ ಯು.ಟಿ.ಸಿ. ಎಂದೇ ಓದಿದರು, ಓದಬೇಕಾದದ್ದೂ ಹಾಗೆಯೇ. ಪಾಸ್ ತಪ್ಪಿತು. ಉಪಗ್ರಹದ ಮೆಮೊರಿಯಲ್ಲಿ ಹಳೆಯ ಚಿತ್ರಗಳ ಮೇಲೆ ಹೊಸ ಚಿತ್ರ ಕೂತು, ಅರ್ಧ ದಿನದ ಚಿತ್ರ ಹೋದವು. ಯಾರೋ ಒಬ್ಬರು ಸಂಶೋಧಕರು ಆ ಚಿತ್ರಗಳಿಗೆ ಕಾಯುತ್ತಿದ್ದರಂತೆ. ಎರಡು ಪುಟದ ವಿವರಣೆ ಬರೆದೆ. ಬಿಟ್ಟುಹೋಗಿದ್ದು ಮೂರೇ ಅಕ್ಷರ.

ಕಮಾಂಡ್ ವಿಷಯದಲ್ಲಿ ಇಂಥ ಸಣ್ಣ ತಪ್ಪುಗಳ ಚರಿತ್ರೆಯೇ ಇದೆ. 1988ರಲ್ಲಿ ಸೋವಿಯತ್ ಒಕ್ಕೂಟದ ಫೋಬೋಸ್-1 ಮಂಗಳನ ದಾರಿಯಲ್ಲೇ ಕಳೆದುಹೋಯಿತು. ಕಳಿಸಿದ ಕಮಾಂಡಿನಲ್ಲಿ ಆದ ಒಂದು ಸಣ್ಣ ತಪ್ಪು ದಿಕ್ಕು ಹಿಡಿಯುವ ಥ್ರಸ್ಟರ್‌ಗಳನ್ನು ನಿಲ್ಲಿಸಿಬಿಟ್ಟಿತು. 2023ರ ಜುಲೈನಲ್ಲಿ, ಗ್ರಹಗಳನ್ನೆಲ್ಲ ದಾಟಿ ಬಹಳ ದೂರ ಹೋಗಿರುವ ವಾಯೇಜರ್-2 ನೌಕೆಯ ಆಂಟೆನಾ ಒಂದು ತಪ್ಪು ಕಮಾಂಡಿನಿಂದ ಭೂಮಿಯಿಂದ ಎರಡು ಡಿಗ್ರಿ ಆಚೆ ತಿರುಗಿತು. ಕ್ಯಾನ್‌ಬೆರಾದ ಆಂಟೆನಾದಿಂದ ಪೂರ್ತಿ ಜೋರಿನಲ್ಲಿ ಒಂದು ಕಮಾಂಡ್ ಕೂಗಿ, ಅದು ಮುಟ್ಟಿತೋ ಇಲ್ಲವೋ ತಿಳಿಯಲು 37 ಗಂಟೆ ಕಾದರು. ಮುಟ್ಟಿತ್ತು. ಅಲ್ಲಿ ಕೂತವರೆಲ್ಲ ನನಗಿಂತ ಎಷ್ಟೋ ಅನುಭವಿಗಳು. ಅದಕ್ಕೇ ನಾವು ಪ್ರತಿ ಕಮಾಂಡನ್ನೂ ಒಬ್ಬರು ಓದಿ, ಇನ್ನೊಬ್ಬರು ತಿರುಗಿ ಓದಿ, ಆಮೇಲೇ ಒತ್ತುವುದು. ಹೊಸಬರಿಗೆ ಇದು ಮಕ್ಕಳಾಟ ಅನಿಸುತ್ತೆ. ನನಗೂ ಅನಿಸಿತ್ತು.

ಡಿಕ್ಕಿಯ ಎಚ್ಚರಿಕೆಗಳೂ ಹೀಗೆಯೇ. ಹಳೇ ರಾಕೆಟ್ಟಿನ ಚೂರೊಂದು ಮೂರು ದಿನದ ಮೇಲೆ ನಮ್ಮ ಹತ್ತಿರ ಬರುತ್ತೆ ಎಂದು ಸಂದೇಶ ಬರುತ್ತೆ. ಹತ್ತು ಸಾವಿರಕ್ಕೆ ಒಂದರಷ್ಟು ಸಂಭವ ದಾಟಿದರೆ ಉಪಗ್ರಹವನ್ನು ಸರಿಸುವ ಯೋಚನೆ ಮಾಡುತ್ತೇವೆ. ಮೊದಲ ಸಲ ನಾನು ಕೂಡಲೇ ಸರಿಸೋಣ ಎಂದಿದ್ದೆ. ಹೊಸ ಅಳತೆ ಬರಲಿ ಎಂದರು. ಬಂತು, ಸಂಭವ ಸೊನ್ನೆಯ ಹತ್ತಿರ ಇಳಿಯಿತು. ತೀರಾ ಹೆಚ್ಚಿನ ಸಲ ಹೀಗೇ ಆಗುತ್ತೆ. ಆದರೂ ಸರಿಸುವ ಯೋಜನೆಯನ್ನು ಪ್ರತಿ ಸಲ ಪೂರ್ತಿ ತಯಾರು ಮಾಡಿಟ್ಟೇ ಕಾಯುತ್ತೇವೆ. ಸುಮ್ನೆ ಕೂರುವುದಕ್ಕೂ ಇಷ್ಟೊಂದು ಕೆಲಸ ಇರುತ್ತೆ ಎಂದು ಮನೆಯವರಿಗೆ ಹೇಳಿದರೆ ನಂಬುವುದಿಲ್ಲ.

ಆಮೇಲೆ ಆ ರಾತ್ರಿ ಬಂತು. ಊರಿನ ಗಡಿಯಾರದಲ್ಲಿ 02:14ಕ್ಕೆ ಸಿಗ್ನಲ್ ಬರಬೇಕು. 02:14 ಆಯಿತು. 02:15. ಪರದೆ ಖಾಲಿ. ರಾತ್ರಿ ಶಿಫ್ಟಿನಲ್ಲಿ ಇದ್ದದ್ದು ಫ್ಲೈಟ್ ಡೈರೆಕ್ಟರ್, ನಾನು, ಇನ್ನಿಬ್ಬರು. ಸ್ಟೇಷನ್ ಲೂಪಿನಲ್ಲಿ ಒಂದು ದನಿ: "ಕ್ಯಾರಿಯರ್ ಇದೆ. ಲಾಕ್ ಆಗ್ತಿಲ್ಲ."

ಅಂದರೆ ಉಪಗ್ರಹ ಬದುಕಿದೆ, ಅದರ ಮಾತು ನಮಗೆ ಅರ್ಥವಾಗುತ್ತಿಲ್ಲ. ಸಂಪರ್ಕದ ಡೆಸ್ಕಿನವರು ತಕ್ಷಣ ಹೇಳಿದರು, ಸ್ಟೇಷನ್ನಿನ ರಿಸೀವರನ್ನು ನಿಧಾನದ ವೇಗಕ್ಕೆ ಹಾಕಿ ನೋಡಿ ಎಂದು. ಹಾಕಿದರು. ಲಾಕ್ ಆಯಿತು. ಉಪಗ್ರಹ ಸೇಫ್ ಮೋಡಿಗೆ ಹೋಗಿತ್ತು. ಬೇಡದ್ದನ್ನೆಲ್ಲ ತಾನೇ ಆಫ್ ಮಾಡಿ, ಸೂರ್ಯನ ಕಡೆ ಮುಖ ಮಾಡಿ, ಮೆಲುದನಿಯಲ್ಲಿ ಕರೆಯುತ್ತಿತ್ತು.

ನಂಬರ್ ನಿಧಾನವಾಗಿ ಬಂದವು. ಎಷ್ಟೋ ಕಡೆ ಕೆಂಪು. ಬೆರಳು ಕೀಬೋರ್ಡಿನ ಮೇಲೇ ಇತ್ತು. ಸೇಫ್ ಮೋಡಿನಿಂದ ಹೊರಗೆ ತರುವ ವಿಧಾನ ನನಗೆ ಬಾಯಿಪಾಠ. ಪಾಸ್‌ನಲ್ಲಿ ಆರು ನಿಮಿಷ ಉಳಿದಿತ್ತು. ಆರು ನಿಮಿಷದಲ್ಲಿ ಮುಗಿಸಬಹುದಿತ್ತು ಕೂಡ.

"ಪವರ್, ಫ್ಲೈಟ್. ಏನು ಹೇಳ್ತೀರಿ?"

ಬಿಸಿಲು. ಎರಡೂ ಪ್ಯಾನೆಲ್ ಕರೆಂಟ್ ಕೊಡುತ್ತಿವೆ. ಬ್ಯಾಟರಿ ಶೇಕಡ 78. ತುಂಬುತ್ತಿದೆ. ಬಿಸಿ ಸರಿ ಇದೆ. ಕೆಂಪೆಲ್ಲ ಆಫ್ ಆಗಿರುವ ಪೆಟ್ಟಿಗೆಗಳದ್ದು, ಅವು ಕೆಂಪಾಗಿಯೇ ಇರಬೇಕು.

"ಫ್ಲೈಟ್, ಪವರ್. ಬ್ಯಾಟರಿ 78, ತುಂಬ್ತಾ ಇದೆ. ವಿದ್ಯುತ್ ಕಡೆಯಿಂದ ಅವಸರ ಇಲ್ಲ. ಈ ಪಾಸ್‌ನಲ್ಲಿ ಏನೂ ಮಾಡೋದು ಬೇಡ. ಘಟನೆಗಳ ದಾಖಲೆ ಇಳಿಸಿಕೊಂಡರೆ ಸಾಕು."

"ಒಪ್ಪಿದೆ."

ಒಂದೇ ಒಂದು ಕಮಾಂಡ್ ಹೋಯಿತು. ಅದನ್ನೂ ಇಬ್ಬರು ಓದಿದೆವು. ದಾಖಲೆ ಇಳಿಯುತ್ತಿದ್ದಂತೆ ಉಪಗ್ರಹ ಮುಳುಗಿತು. ಬೆಳಗಿನ ಹೊತ್ತಿಗೆ ಕಂಪ್ಯೂಟರ್ ತಂಡದವರು ಕಾರಣ ಹುಡುಕಿದ್ದರು. ದಕ್ಷಿಣ ಅಟ್ಲಾಂಟಿಕ್ ಮೇಲೆ ಭೂಮಿಯ ಕಾಂತಕ್ಷೇತ್ರ ದುರ್ಬಲ. ಅಲ್ಲಿ ವಿಕಿರಣದ ಕಣಗಳು ಜಾಸ್ತಿ ಕೆಳಗೆ ಇಳಿಯುತ್ತವೆ. ಅಂಥ ಒಂದು ಕಣ ಮೆಮೊರಿಯ ಒಂದು ಸೊನ್ನೆಯನ್ನು ಒಂದು ಮಾಡಿತ್ತು. ಕಂಪ್ಯೂಟರ್ ಗೊಂದಲಕ್ಕೆ ಬಿದ್ದು ರೀಸೆಟ್ ಆಗಿತ್ತು. ಆ ಮೆಮೊರಿ ಜಾಗವನ್ನು ಸರಿಪಡಿಸದೆ ನಾನು ನನ್ನ ಬಾಯಿಪಾಠದ ವಿಧಾನ ನಡೆಸಿದ್ದರೆ, ಅದು ಮತ್ತೆ ಬೀಳುತ್ತಿತ್ತು. ಎರಡು ದಿನ, ಏಳು ಪಾಸ್, ಒಂದೊಂದೇ ಹೆಜ್ಜೆ. ಪೂರ್ತಿ ಎದ್ದು ನಿಂತಿತು.

ಆ ರಾತ್ರಿ ಪಾಸ್ ಮುಗಿದ ಕೂಡಲೇ ಲಾಗ್ ಬರೆದಿದ್ದೆ. "20:54 ಯು.ಟಿ.ಸಿ. ಪಾಸ್ ಮುಕ್ತಾಯ. ಸೇಫ್ ಮೋಡ್. ಬ್ಯಾಟರಿ 78, ಏರಿಕೆ. ಕಳಿಸಿದ ಕಮಾಂಡ್: 1. ಮುಂದಿನ ಪಾಸ್ 22:21 ಯು.ಟಿ.ಸಿ." ಬೆಳಿಗ್ಗೆ ಶಿಫ್ಟಿಗೆ ಬಂದವರು ಅದೇ ಹಳೇ ಸಹೋದ್ಯೋಗಿ. ಹೆಡ್‌ಸೆಟ್ ಹಾಕಿಕೊಳ್ಳುತ್ತಾ ಪುಟ ಓದಿದರು. ಯು.ಟಿ.ಸಿ. ಎಂಬ ಮೂರಕ್ಷರದ ಕೆಳಗೆ ಎರಡೆರಡು ಗೆರೆ ಎಳೆದಿದ್ದೆ, ಎರಡು ಕಡೆಯೂ.

"ಗೊತ್ತಾಯ್ತು ಮಾರಾಯ್ರೆ" ಎಂದು ನಕ್ಕರು. "ಏಳಿ, ಕುರ್ಚಿ ಬಿಡಿ."